ಬರಿಗೋಡೆಗಳ ನಡುವೆ ಒಂದು ಪಿಯಾನೊ ಕಚೇರಿ

1939ನೆಯ ಇಸವಿ ಅಕ್ಟೋಬರ್ 10, ಮಂಗಳವಾರ. ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿರುವ ನ್ಯಾಷನಲ್ ಗ್ಯಾಲರಿ ಎಂಬ ಪ್ರಸಿದ್ಧ ಚಿತ್ರಶಾಲೆಯ ಮುಂದೆ ನಡುಹಗಲಿನಲ್ಲಿ ಜನ ಸಾಲುಗಟ್ಟಿ ನಿಂತಿದ್ದರು. ಚಿತ್ರಶಾಲೆಯೊಳಗೆ ಆ ದಿನ ನೋಡಲು ಚಿತ್ರಗಳಿರಲಿಲ್ಲ, ಗೋಡೆಗಳು ಬರಿದಾಗಿದ್ದವು. ಯುದ್ಧ ಘೋಷಣೆಯಾಗಿ ಐದು ವಾರಗಳು ಕಳೆದಿದ್ದವು. ಬಂದವರು ಒಂದು ಷಿಲ್ಲಿಂಗ್ ಕೊಟ್ಟು ಒಳಹೊಕ್ಕರು. ಕುರ್ಚಿ ಸಿಗದವರು ನೆಲದ ಮೇಲೆಯೇ ಕುಳಿತರು. ಒಂದು ಗಂಟೆಯ ಹೊತ್ತಿಗೆ ಐವತ್ತರ ಸಮೀಪದ ಮಹಿಳೆಯೊಬ್ಬರು ಬಂದು ಪಿಯಾನೊದ ಮುಂದೆ ಕುಳಿತರು. ಅವರ ಹೆಸರು ಮೈರಾ ಹೆಸ್.

ಇಂದಿನ ನನ್ನ ಮಾತು ಆ ಒಂದು ಗಂಟೆಯ ಕಚೇರಿಯನ್ನು ಕುರಿತದ್ದು. ನಾನು ಸಂಗೀತಶಾಸ್ತ್ರವನ್ನು ಬಲ್ಲವನಲ್ಲ, ಇತಿಹಾಸದ ವಿದ್ಯಾರ್ಥಿ. ಸೇನಾಪತಿಗಳ ಲೆಕ್ಕಾಚಾರ, ಸಂಧಾನಗಳ ಒಕ್ಕಣೆ, ಸತ್ತವರ ಸಂಖ್ಯೆ ಇವುಗಳ ನಡುವೆ ಯುದ್ಧದ ಇತಿಹಾಸವನ್ನು ಓದುತ್ತಿದ್ದವನಿಗೆ ಈ ಕಚೇರಿ ಎದುರಾಯಿತು. ಅಲ್ಲಿಂದ ಬಹಳ ಕಾಲ ಮುಂದೆ ಹೋಗಲಾಗಲಿಲ್ಲ. ಶತ್ರುವಿನ ನಾಡಿನಲ್ಲಿ ಹುಟ್ಟಿದ ಸಂಗೀತವನ್ನು ಯುದ್ಧಕಾಲದಲ್ಲಿ ಏನು ಮಾಡಬೇಕು ಎಂಬುದು ಅಲ್ಲಿದ್ದ ಪ್ರಶ್ನೆ. ಅದಕ್ಕೆ ಆಕೆ ಭಾಷಣದಿಂದ ಉತ್ತರ ಕೊಡಲಿಲ್ಲ. ನುಡಿಸಿದರು, ಅಷ್ಟೆ.

ಅಂದಿನ ಲಂಡನ್ನಿನ ಸ್ಥಿತಿಯನ್ನು ಸ್ವಲ್ಪ ಕಲ್ಪಿಸಿಕೊಳ್ಳಬೇಕು. ಯುದ್ಧ ಬರುವುದು ಖಚಿತವೆಂದು ತೋರಿದಾಗ, ಆಗಸ್ಟ್ 23ರಿಂದ ಸೆಪ್ಟೆಂಬರ್ 2ರವರೆಗಿನ ಹತ್ತು ಹನ್ನೊಂದು ದಿನಗಳಲ್ಲಿ, ಆ ಚಿತ್ರಶಾಲೆಯ ಅಮೂಲ್ಯ ಚಿತ್ರಗಳನ್ನೆಲ್ಲ ಗೋಡೆಯಿಂದಿಳಿಸಿ ದೂರದ ವೇಲ್ಸ್ ಪ್ರಾಂತಕ್ಕೆ ಸಾಗಿಸಿದ್ದರು. ಮುಂದೆ 1941ರಲ್ಲಿ ಅವು ಮ್ಯಾನಡ್ ಎಂಬಲ್ಲಿ ಬೆಟ್ಟದ ಹೊಟ್ಟೆಯೊಳಗಿನ ಕಲ್ಲುಗಣಿಯನ್ನು ಸೇರಿದವು. ಸೆಪ್ಟೆಂಬರ್ 3ರಂದು ಯುದ್ಧ ಘೋಷಣೆಯಾಯಿತು. ಅಂದೇ ನಾಟಕಶಾಲೆಗಳು, ಸಿನಿಮಾ ಮಂದಿರಗಳು, ಸಂಗೀತ ಸಭಾಂಗಣಗಳು ಎಲ್ಲಕ್ಕೂ ಬೀಗ ಬಿತ್ತು. ಜನ ಒಂದೆಡೆ ಸೇರಿದರೆ ಒಂದೇ ಬಾಂಬಿಗೆ ನೂರಾರು ಮಂದಿ ಸಾಯುತ್ತಾರೆಂಬ ಭಯ. ಬರ್ನಾರ್ಡ್ ಷಾ ತಮ್ಮ ಎಂದಿನ ಖಾರದಲ್ಲಿ ಇದನ್ನು ಪ್ರತಿಭಟಿಸಿ ಪತ್ರಿಕೆಗೆ ಬರೆದರು. ರಾತ್ರಿಯಾದರೆ ಬೀದಿಯಲ್ಲಿ ಒಂದು ಹಣತೆಯಷ್ಟು ಬೆಳಕೂ ಕಾಣಬಾರದು. ಉಳಿದದ್ದು ಬಾನುಲಿ ಒಂದೇ. ಆ ಬಾನುಲಿಯಾದರೋ ಮೊದಲ ವಾರಗಳಲ್ಲಿ ಸುದ್ದಿ, ಸರ್ಕಾರದ ಸೂಚನೆಗಳು, ಧ್ವನಿಮುದ್ರಿಕೆಗಳು, ಸಿನಿಮಾ ಮಂದಿರಗಳ ಆರ್ಗನ್ ವಾದನ ಇವುಗಳಿಂದಲೇ ಹೊತ್ತು ಕಳೆಯಿತು. ಬಾನುಲಿಯ ಮುಂದೆಯೇ ಕುಳಿತು ಬಾನುಲಿಯನ್ನು ದೂರುವುದು ಸೌಜನ್ಯವಲ್ಲ. ಆದರೆ ಅಂದಿನ ಕೇಳುಗರು ಹಾಗೆ ದೂರಿದ್ದು ನಿಜ.

ಮೈರಾ ಹೆಸ್ ಆ ವೇಳೆಗೆ ಬಹು ಖ್ಯಾತಿವಂತರು. 1890ರಲ್ಲಿ ಲಂಡನ್ನಿನ ಯಹೂದಿ ಮನೆತನವೊಂದರಲ್ಲಿ ಹುಟ್ಟಿದವರು. ಟೋಬಿಯಾಸ್ ಮ್ಯಾಥೇ ಎಂಬ ಹೆಸರಾಂತ ಗುರುವಿನಲ್ಲಿ ಕಲಿತು, 1907ರಲ್ಲಿ, ಹದಿನೇಳರ ವಯಸ್ಸಿಗೆ, ಥಾಮಸ್ ಬೀಚಮ್ ಅವರ ನೇತೃತ್ವದ ವಾದ್ಯವೃಂದದೊಡನೆ ಬೀಥೋವನ್‌ನ ನಾಲ್ಕನೆಯ ಕಂಚೆರ್ಟೊ ನುಡಿಸಿ ರಂಗಪ್ರವೇಶ ಮಾಡಿದರು. ಇಂಗ್ಲೆಂಡಿಗಿಂತ ಅಮೆರಿಕದಲ್ಲಿ ಅವರಿಗೆ ಹೆಚ್ಚು ಹಣವೂ ಹೆಚ್ಚು ಕೀರ್ತಿಯೂ ಬಂದಿದ್ದುವು. 1939ರ ಚಳಿಗಾಲಕ್ಕೂ ಅಮೆರಿಕದ ಪ್ರವಾಸ ನಿಶ್ಚಯವಾಗಿತ್ತು. ಹಡಗು ಹತ್ತಿದ್ದರೆ ಯುದ್ಧದ ವರ್ಷಗಳನ್ನು ನ್ಯೂಯಾರ್ಕಿನಲ್ಲಿ ಸುಖವಾಗಿ ಕಳೆಯಬಹುದಿತ್ತು. ಹಾಗೆ ಕಳೆದವರು ಇಲ್ಲದಿಲ್ಲ. ಆಕೆ ಪ್ರವಾಸವನ್ನು ರದ್ದುಮಾಡಿ ಊರಲ್ಲೇ ಉಳಿದರು.

ಬರಿದಾದ ಚಿತ್ರಶಾಲೆಯಲ್ಲಿ ಮಧ್ಯಾಹ್ನದ ವೇಳೆ ಸಂಗೀತ ಏರ್ಪಡಿಸಬಾರದೇಕೆ ಎಂಬ ಯೋಚನೆ ಹೊತ್ತು ಆಕೆ ಅಲ್ಲಿನ ನಿರ್ದೇಶಕರಾದ ಕೆನೆತ್ ಕ್ಲಾರ್ಕ್ ಅವರಲ್ಲಿಗೆ ಹೋದರು. ಮೂವತ್ತರ ವಯಸ್ಸಿನಲ್ಲೇ ಆ ಪದವಿಗೇರಿದ್ದ ಕ್ಲಾರ್ಕ್, ಚಿತ್ರಗಳಿಲ್ಲದ ಚಿತ್ರಶಾಲೆಯ ಯಜಮಾನರಾಗಿ, ಬೆಳೆಯಿಲ್ಲದ ಹೊಲದ ಕಾವಲುಗಾರನಂತೆ ಕುಳಿತಿದ್ದರು. ಆಗೊಮ್ಮೆ ಈಗೊಮ್ಮೆ ಒಂದು ಕಚೇರಿಗೆ ಅವಕಾಶ ಕೊಡುವಿರಾ ಎಂದು ಆಕೆ ಕೇಳಿದರೆ, ಪ್ರತಿದಿನವೂ ಏಕಾಗಬಾರದು ಎಂದು ಅವರು ಮರುಪ್ರಶ್ನೆ ಹಾಕಿದರಂತೆ. ಸರ್ಕಾರದ ಅಪ್ಪಣೆ ಬೇಕಿತ್ತು. ಇನ್ನೂರಕ್ಕಿಂತ ಹೆಚ್ಚು ಜನ ಸೇರಕೂಡದೆಂಬ ನಿರ್ಬಂಧವಿತ್ತು. ಅಪ್ಪಣೆ ಹೇಗೋ ದೊರೆಯಿತು. ಮೊದಲ ದಿನ ಜನ ಬರದಿದ್ದರೆ ಆ ಅವಮಾನ ಬೇರೊಬ್ಬ ಕಲಾವಿದರಿಗೆ ತಟ್ಟುವುದು ಬೇಡವೆಂದು ಹೆಸ್ ತಾವೇ ನುಡಿಸಲು ನಿರ್ಧರಿಸಿದರು. ಬಂದವರು ಸಾವಿರದಷ್ಟು.

ನಮ್ಮ ಮಾತಿನಲ್ಲಿ ಕಚೇರಿ ಎಂದರೆ ಗುಮಾಸ್ತರು ದುಡಿಯುವ ಸ್ಥಳವೂ ಹೌದು, ಸಂಗೀತದ ಸಭೆಯೂ ಹೌದು. ಆ ಮಧ್ಯಾಹ್ನ ಲಂಡನ್ನಿನ ನೂರಾರು ಗುಮಾಸ್ತರು ಒಂದು ಕಚೇರಿಯಿಂದೆದ್ದು ಇನ್ನೊಂದು ಕಚೇರಿಗೆ ಬಂದರು ಎನ್ನಬಹುದು. ಒಂದು ಷಿಲ್ಲಿಂಗ್ ಎಂದರೆ ಅಂದಿನ ವಿನಿಮಯದ ಲೆಕ್ಕಕ್ಕೆ ನಮ್ಮ ಹತ್ತೂವರೆ ಆಣೆಗಿಂತ ತುಸು ಹೆಚ್ಚು. ಹಿರಿಯ ವಿದ್ವಾಂಸರ ಪಿಯಾನೊ ವಾದನವನ್ನು ಆ ಬೆಲೆಗೆ ಕೇಳುವುದು ಯುದ್ಧಕ್ಕೆ ಮುಂಚೆ ಸುಲಭವಿರಲಿಲ್ಲ. ಒಬ್ಬನೇ ವಾದಕ ಒಂದೇ ವಾದ್ಯದೊಡನೆ ಇಡೀ ಸಭೆಯನ್ನು ಹಿಡಿದು ಕೂರಿಸುವ ಈ ಪದ್ಧತಿ ಯೂರೋಪಿನಲ್ಲಿ ಬಹಳ ಹಳೆಯದೇನೂ ಅಲ್ಲ. ಫ್ರಾನ್ಜ್ ಲಿಸ್ಟ್ 1839–40ರ ಸುಮಾರಿಗೆ ಅದನ್ನು ರೂಢಿಗೆ ತಂದ. ಅದಕ್ಕೆ 'ರಿಸೈಟಲ್' ಎಂಬ ಹೆಸರು ಬಿದ್ದದ್ದು ಲಂಡನ್ನಿನಲ್ಲಿಯೇ, 1840ರಲ್ಲಿ. ಕವಿತೆಯನ್ನು ವಾಚಿಸಬಹುದು, ಪಿಯಾನೊವನ್ನು ವಾಚಿಸುವುದು ಹೇಗೆ ಎಂದು ಅಂದಿನ ಜನ ನಕ್ಕರು. ಹೆಸರು ಮಾತ್ರ ಉಳಿಯಿತು.

ಅಂದು ಹೆಸ್ ನುಡಿಸಿದ್ದಾದರೂ ಏನು? ಇಟಲಿಯಲ್ಲಿ ಹುಟ್ಟಿ ಸ್ಪೇನಿನ ಅರಮನೆಯಲ್ಲಿ ಬಾಳಿದ ಸ್ಕಾರ್ಲಾಟಿಯ ಪುಟ್ಟ ಸೊನಾಟಗಳು, ಬಾಖ್‌ನ ಪ್ರಿಲ್ಯೂಡ್ ಮತ್ತು ಫ್ಯೂಗ್‌ಗಳು, ಬೀಥೋವನ್‌ನ 'ಅಪ್ಪಾಸ್ಯೊನಾಟ', ಷೂಬರ್ಟ್‌ನ ನೃತ್ಯಗಳು, ಶೋಪಾನ್, ಬ್ರಾಹ್ಮ್ಸ್. ಕೊನೆಗೆ, 1723ರಲ್ಲಿ ಲೈಪ್‌ಜಿಗ್ ನಗರದ ಇಗರ್ಜಿಗಾಗಿ ಬಾಖ್ ರಚಿಸಿದ ಗೀತವೊಂದನ್ನು ತಾವೇ ಪಿಯಾನೊಗೆ ಅಳವಡಿಸಿದ್ದ ಪುಟ್ಟ ಕೃತಿ. ಇದು 1926ರಲ್ಲಿ ಅಚ್ಚಾದಂದಿನಿಂದ ಆಕೆಯ ಹೆಸರಿಗೆ ಅಂಟಿಕೊಂಡುಬಿಟ್ಟಿತ್ತು. ಪಟ್ಟಿಯನ್ನು ಇನ್ನೊಮ್ಮೆ ಮನಸ್ಸಿನಲ್ಲಿ ಓದಿಕೊಳ್ಳಿ. ಬಾಖ್, ಬೀಥೋವನ್, ಬ್ರಾಹ್ಮ್ಸ್ ಮೂವರೂ ಜರ್ಮನಿಯಲ್ಲಿ ಹುಟ್ಟಿದವರು. ಷೂಬರ್ಟ್ ವಿಯೆನ್ನಾದವನು, ಆ ವಿಯೆನ್ನಾವನ್ನು ಹಿಟ್ಲರ್ ಒಂದೂವರೆ ವರ್ಷದ ಹಿಂದೆ ನುಂಗಿದ್ದ. ಇನ್ನು ಶೋಪಾನ್ ಪೋಲೆಂಡಿನವನು. ಆ ದೇಶದ ಕಡೆಯ ಸೈನ್ಯ ಶರಣಾಗಿ ನಾಲ್ಕು ದಿನವಾಗಿತ್ತಷ್ಟೆ. ಸೆಪ್ಟೆಂಬರ್ 23ರಂದು, ಮುತ್ತಿಗೆಗೆ ಸಿಕ್ಕಿದ್ದ ವಾರ್ಸಾ ನಗರದ ಬಾನುಲಿ ನಿಲಯದಲ್ಲಿ ವ್ಲಾಡಿಸ್ಲಾವ್ ಷ್ಪಿಲ್‌ಮನ್ ಎಂಬ ತರುಣ ಪಿಯಾನೊ ವಾದಕ ಶೋಪಾನ್‌ನ ಕೃತಿಗಳನ್ನು ನುಡಿಸಿದ್ದ. ಅನಂತರ ಆ ನಿಲಯ ಮೂಕವಾಯಿತು. ಲಂಡನ್ನಿನ ಸಭಿಕರಿಗೆ ಈ ಸಂಗತಿ ತಿಳಿದಿರಬೇಕಾಗಿಲ್ಲ. ವಾರ್ಸಾದ ಪತನವಂತೂ ತಿಳಿದಿತ್ತು.

ಇಂಥ ಪಟ್ಟಿಯಲ್ಲಿ ವಿಶೇಷವೇನು, ಪಿಯಾನೊ ವಾದಕರೆಲ್ಲ ನುಡಿಸುವುದೇ ಇದಲ್ಲವೇ ಎಂದು ನೀವು ಕೇಳಬಹುದು. ವಿಶೇಷವನ್ನು ಕಾಣಲು ಇಪ್ಪತ್ತೈದು ವರ್ಷ ಹಿಂದಕ್ಕೆ ಹೋಗಬೇಕು. 1914ರ ಆಗಸ್ಟಿನಲ್ಲಿ, ಮೊದಲನೆಯ ಮಹಾಯುದ್ಧ ಆರಂಭವಾದ ಕೂಡಲೇ, ಇದೇ ಲಂಡನ್ನಿನ ಕ್ವೀನ್ಸ್ ಹಾಲ್‌ನಲ್ಲಿ ವ್ಯಾಗ್ನರ್‌ನ ಸಂಗೀತಕ್ಕೆಂದು ಮೀಸಲಾಗಿದ್ದ ಸಂಜೆಯನ್ನು ಬದಲಿಸಿ ಮಿತ್ರರಾಷ್ಟ್ರಗಳ ಸಂಗೀತವನ್ನು ನುಡಿಸಿದರು. ಆ ಭ್ರಮೆ ಅಲ್ಲಿ ಬೇಗ ಇಳಿಯಿತೆನ್ನಿ. ಅಮೆರಿಕದಲ್ಲಿ ಮಾತ್ರ ಅದು ವಿಕಾರವಾಗಿ ಬೆಳೆಯಿತು. 1917ರಲ್ಲಿ ಪಿಟ್ಸ್‌ಬರ್ಗ್ ನಗರ ಜರ್ಮನ್ ಸಂಗೀತವನ್ನೇ ಬಹಿಷ್ಕರಿಸಿತು. ತೊಂಬತ್ತು ವರ್ಷಗಳ ಹಿಂದೆ ಸತ್ತಿದ್ದ ಬೀಥೋವನ್‌ನಿಗೂ ಅಲ್ಲಿ ಪ್ರವೇಶವಿರಲಿಲ್ಲ. ಬಾಸ್ಟನ್ ವಾದ್ಯವೃಂದದ ನಾಯಕ ಕಾರ್ಲ್ ಮುಕ್ 1918ರಲ್ಲಿ ಸೆರೆಯಾದರು. ಇತ್ತ ಹಿಟ್ಲರನ ಜರ್ಮನಿ ತನ್ನದೇ ಸಂಗೀತಗಾರರ ಮೇಲೆ ಹಗೆ ಸಾಧಿಸಿತು. ಲೈಪ್‌ಜಿಗ್‌ನ ಸಂಗೀತ ಭವನದ ಮುಂದಿದ್ದ ಮೆಂಡೆಲ್ಸನ್‌ನ ಪ್ರತಿಮೆಯನ್ನು, ಆತ ಯಹೂದಿ ಕುಲದವನೆಂಬ ಒಂದೇ ಕಾರಣಕ್ಕೆ, 1936ರ ನವೆಂಬರಿನಲ್ಲಿ ಕಿತ್ತು ಹಾಕಿದರು. ಬಾಖ್‌ನ ಮರೆತುಹೋಗಿದ್ದ ಮಹಾಕೃತಿಯೊಂದನ್ನು 1829ರಲ್ಲಿ ಮತ್ತೆ ಲೋಕಕ್ಕೆ ಕೇಳಿಸಿದವನು ಈ ಮೆಂಡೆಲ್ಸನ್‌ನೇ ಎಂಬುದನ್ನು ಕೆಡವಿದವರು ನೆನೆಯಲಿಲ್ಲ.

ಈ ಹಿನ್ನೆಲೆಯಲ್ಲಿ, ಯಹೂದಿ ಮನೆಯ ಮಗಳೊಬ್ಬಳು, ಜರ್ಮನಿಯ ಮೇಲೆ ಯುದ್ಧ ಸಾರಿದ ದೇಶದ ರಾಜಧಾನಿಯಲ್ಲಿ, ಬಾಖ್‌ನಿಂದ ಬ್ರಾಹ್ಮ್ಸ್‌ವರೆಗಿನ ಪರಂಪರೆಯನ್ನು ಒಂದು ಷಿಲ್ಲಿಂಗಿಗೆ ಹಂಚಲು ಕುಳಿತಿದ್ದಳು. ಈ ಸಂಗೀತ ನಿಮ್ಮದಲ್ಲ ಎಂದು ಬರ್ಲಿನ್ನಿಗೂ ಹೇಳಿದಂತಾಯಿತು. ಇದನ್ನು ದ್ವೇಷಿಸಬೇಕಾಗಿಲ್ಲ ಎಂದು ಲಂಡನ್ನಿಗೂ ಹೇಳಿದಂತಾಯಿತು. ಸಭಿಕರಲ್ಲಿ ಯಾರೂ ಎದ್ದು ಆಕ್ಷೇಪಿಸಲಿಲ್ಲ. ಮರುದಿನ ಇನ್ನಷ್ಟು ಜನ ಬಂದರು.

ಪಿಯಾನೊ ಎಂಬುದು ಮೂಲತಃ ತಂತಿಗಳನ್ನು ಸುತ್ತಿಗೆಗಳಿಂದ ಹೊಡೆಯುವ ಯಂತ್ರ. ಎಂಬತ್ತೆಂಟು ಮನೆಗಳು. ಬೆರಳು ಒತ್ತಿದೊಡನೆ ಸ್ವರ ಹುಟ್ಟುತ್ತದೆ, ಹುಟ್ಟಿದ ಕ್ಷಣದಿಂದಲೇ ಸಾಯತೊಡಗುತ್ತದೆ. ನಮ್ಮ ವೀಣೆಯಲ್ಲಿ ಮೀಟಿದ ಮೇಲೆ ತಂತಿಯನ್ನೆಳೆದು ಗಮಕ ತರಬಹುದು. ಇಲ್ಲಿ ಹೊಡೆದಾದ ಮೇಲೆ ವಾದಕನ ಕೈಯಲ್ಲಿ ಆ ಸ್ವರಕ್ಕೆ ಮಾಡಲಾಗುವುದು ಬಹಳ ಕಡಿಮೆ. ಇಂಥ ವಾದ್ಯದಿಂದ ಹಾಡಿನ ಭ್ರಾಂತಿ ಹುಟ್ಟಿಸುವುದು ಹೆಸ್ ಅವರ ದೊಡ್ಡ ಗುಣವಾಗಿತ್ತು. ಅವರ ಧ್ವನಿಮುದ್ರಿಕೆಗಳನ್ನು ಕೇಳಿದವರಿಗೆ ನಾನು ಹೇಳುವುದು ಅರ್ಥವಾದೀತು. ಅಬ್ಬರವಿಲ್ಲ, ತುಂಬುದನಿ.

ಅಂದಿನ ಕಚೇರಿಯ ನಡುಗಂಬ 'ಅಪ್ಪಾಸ್ಯೊನಾಟ'. 'ಆವೇಶಯುತ' ಎಂಬರ್ಥದ ಈ ಹೆಸರು ಬೀಥೋವನ್ ಇಟ್ಟದ್ದಲ್ಲ. ಆತ ಸತ್ತ ಮೇಲೆ ಪ್ರಕಾಶಕನೊಬ್ಬ ಇಟ್ಟದ್ದು. ಈ ಕೃತಿಯ ಹಸ್ತಪ್ರತಿಗೆ ಒಂದು ಕಥೆಯಿದೆ. 1806ರ ಶರತ್ಕಾಲದಲ್ಲಿ ಬೀಥೋವನ್ ತನ್ನ ಆಶ್ರಯದಾತನಾದ ಲಿಖ್ನೋವ್‌ಸ್ಕಿ ರಾಜಕುಮಾರನ ಹಳ್ಳಿಯ ಅರಮನೆಯಲ್ಲಿದ್ದ. ನೆಪೋಲಿಯನ್ನನ ಫ್ರೆಂಚ್ ಅಧಿಕಾರಿಗಳು ಅಲ್ಲಿ ಅತಿಥಿಗಳಾಗಿ ಬಂದಿದ್ದರು. ಅವರ ಮುಂದೆ ನುಡಿಸೆಂದು ರಾಜಕುಮಾರ ಒತ್ತಾಯಿಸಿದ. ಬೀಥೋವನ್ ಒಪ್ಪಲಿಲ್ಲ, ಮಾತಿಗೆ ಮಾತು ಬೆಳೆಯಿತು, ಆತ ಮಳೆಯಲ್ಲೇ ಅರಮನೆಯಿಂದ ಹೊರನಡೆದ. ಪೆಟ್ಟಿಗೆಯಲ್ಲಿದ್ದ ಈ ಸೊನಾಟದ ಹಾಳೆಗಳು ನೆನೆದವು. ನೀರಿನ ಕಲೆಗಳನ್ನು ಹೊತ್ತ ಆ ಹಾಳೆಗಳನ್ನು ಆತ ಮುಂದೆ ಮರೀ ಬೀಗೊ ಎಂಬ ಪಿಯಾನೊ ವಾದಕಿಗೆ ಕೊಟ್ಟ. ಅವು ಈಗ ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಫ್ರೆಂಚ್ ಸಿಪಾಯಿಗಳ ಮುಂದೆ ನುಡಿಸಲಾರೆನೆಂದವನ ಹಸ್ತಪ್ರತಿ ಫ್ರಾನ್ಸಿನ ಆಸ್ತಿಯಾಗಿ ಕುಳಿತಿದೆ! ಯಾವ ಸಂಗೀತ ಯಾರದು ಎಂದು ತೀರ್ಮಾನಿಸಹೊರಡುವವರು ಆ ಕಲೆಗಳನ್ನೊಮ್ಮೆ ನೋಡಿಬರಬೇಕು.

ಆ ಸೊನಾಟ ಬಲು ಮೆಲ್ಲಗೆ, ತಗ್ಗು ದನಿಯಲ್ಲಿ, ಎರಡು ಕೈಗಳೂ ಒಂದೇ ಸ್ವರಪಂಕ್ತಿಯನ್ನು ಹಿಡಿದು ಆರಂಭವಾಗುತ್ತದೆ. ಏನೋ ಬರಲಿದೆಯೆಂಬ ಶಂಕೆಯಂತೆ. ಸಾಲುಗಳ ಹಿಂದೆ ನಿಂತು ಕೇಳುತ್ತಿದ್ದ ಕೆನೆತ್ ಕ್ಲಾರ್ಕ್ ಅವರ ಕಣ್ಣು ತುಂಬಿತು. ಎಲ್ಲರೂ ತಿಳಿಯದೆಯೇ ಕಾದಿದ್ದುದು ಇದಕ್ಕಾಗಿ ಎಂದು ತಮಗನ್ನಿಸಿತೆಂಬ ಅರ್ಥದ ಮಾತನ್ನು ಅವರು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಕ್ಲಾರ್ಕ್ ಸುಲಭವಾಗಿ ಕರಗುವ ಸ್ವಭಾವದವರಲ್ಲವಾದ್ದರಿಂದ ಈ ಸಾಕ್ಷ್ಯಕ್ಕೆ ನಾನು ಬೆಲೆ ಕೊಡುತ್ತೇನೆ.

ಅಂದು ಆರಂಭವಾದದ್ದು ಆರೂವರೆ ವರ್ಷ ನಡೆಯಿತು. ಸೋಮವಾರದಿಂದ ಶುಕ್ರವಾರದವರೆಗೆ, ಪ್ರತಿ ಮಧ್ಯಾಹ್ನ. ಕಲಾವಿದ ಎಷ್ಟೇ ದೊಡ್ಡವನಾಗಲಿ, ಸಂಭಾವನೆ ಐದು ಗಿನಿ. ಹೆಸ್ ತಾವು ಏನನ್ನೂ ತೆಗೆದುಕೊಳ್ಳಲಿಲ್ಲ, ಸುಮಾರು ನೂರೈವತ್ತು ಬಾರಿ ನುಡಿಸಿದರು. ಉಳಿಕೆ ಹಣ ಕಷ್ಟದಲ್ಲಿದ್ದ ಸಂಗೀತಗಾರರ ನಿಧಿಗೆ ಹೋಯಿತು. ಪಕ್ಕದ ಉಪಾಹಾರ ಕೊಠಡಿಯಲ್ಲಿ ಮಾರುತ್ತಿದ್ದ ಜೇನು ಮತ್ತು ಒಣದ್ರಾಕ್ಷಿಯ ಸ್ಯಾಂಡ್‌ವಿಚ್‌ಗಳು ಸಂಗೀತದಷ್ಟೇ ಪ್ರಸಿದ್ಧವಾದವಂತೆ. 1940ರ ಹೊಸವರ್ಷದ ದಿನ ಹೈಡನ್‌ನದೆಂದು ಹೇಳಲಾಗುತ್ತಿದ್ದ 'ಆಟಿಕೆ ಸಿಂಫನಿ'ಯನ್ನು ಘನವಿದ್ವಾಂಸರೆಲ್ಲ ಸೇರಿ ಮಕ್ಕಳ ಪೀಪಿ ಡೋಲುಗಳಲ್ಲಿ ನುಡಿಸಿದರು. ವೃಂದನಾಯಕನ ಕೋಲು ಕ್ಲಾರ್ಕ್ ಅವರ ಕೈಯಲ್ಲಿತ್ತು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬಾಂಬುಗಳು ನಿಜವಾಗಿಯೇ ಬೀಳತೊಡಗಿದವು. ಗುಮ್ಮಟದ ಗಾಜು ಪುಡಿಯಾಯಿತು. ಕಚೇರಿಗಳು ನೆಲಮಾಳಿಗೆಗೆ ಇಳಿದವು. 1941ರ ಬೇಸಗೆಯವರೆಗೂ ಅಲ್ಲಿಯೇ ನಡೆದವು. ಒಮ್ಮೆ ಕಟ್ಟಡದೊಳಗೆ ಸಿಡಿಯದ ಬಾಂಬೊಂದು ಪತ್ತೆಯಾಯಿತು. ಕಚೇರಿಯನ್ನು ದೂರದ ಕೋಣೆಯೊಂದಕ್ಕೆ ವರ್ಗಾಯಿಸಿದರು. ಬೀಥೋವನ್‌ನ ತಂತಿವಾದ್ಯ ಚತುಷ್ಕವೊಂದು ನಡೆದಿರುವಾಗಲೇ ಆ ಬಾಂಬು ಸಿಡಿಯಿತು. ವಾದಕರು ತಾಳ ತಪ್ಪಲಿಲ್ಲ. 1941ರ ಮೇ 10ರ ರಾತ್ರಿ ನಾನು ಮೇಲೆ ಹೇಳಿದ ಕ್ವೀನ್ಸ್ ಹಾಲ್ ಬೆಂಕಿಗೆ ಆಹುತಿಯಾಯಿತು. ಚಿತ್ರಶಾಲೆಯ ಮೇಲೂ ಹಲವು ಬಾರಿ ಬಾಂಬು ಬಿತ್ತು. ಕಚೇರಿ ನಿಲ್ಲಲಿಲ್ಲ. ಆ ವರ್ಷವೇ ಬ್ರಿಟಿಷ್ ಬಾನುಲಿ, ಶತ್ರುವಿನ ವಶದಲ್ಲಿದ್ದ ಯೂರೋಪಿಗೆ ಗೆಲುವಿನ ಸಂಕೇತವಾಗಿ ಬೀಥೋವನ್‌ನ ಐದನೆಯ ಸಿಂಫನಿಯ ಮೊದಲ ನಾಲ್ಕು ಪೆಟ್ಟುಗಳನ್ನು ಬಳಸತೊಡಗಿತು. ಶತ್ರುವಿನ ಭಾಷೆಯಾಡಿದವನ ಸಂಗೀತ ಶತ್ರುವಿನ ವಿರುದ್ಧವೇ ರಣಭೇರಿಯಾಯಿತು.

ಇಷ್ಟು ಹೇಳಿ ನಿಲ್ಲಿಸಿದರೆ ಕೇಳಲು ಹಿತವಾದ ಕಥೆಯಾಗುತ್ತದೆ. ಆದರೆ ಇತಿಹಾಸಕ್ಕೆ ಇನ್ನೊಂದು ಮಗ್ಗುಲಿದೆ. ಬೀಥೋವನ್‌ನಿಗೆ ಬಾಗಿಲು ತೆರೆದಿದ್ದ ಅದೇ ದೇಶ, 1940ರ ಬೇಸಗೆಯಲ್ಲಿ, ಜರ್ಮನಿ ಆಸ್ಟ್ರಿಯಗಳಿಂದ ಓಡಿಬಂದಿದ್ದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರನ್ನು 'ಶತ್ರುದೇಶೀಯರು' ಎಂಬ ಹಣೆಪಟ್ಟಿ ಹಚ್ಚಿ ಬಂಧನ ಶಿಬಿರಗಳಿಗೆ ತಳ್ಳಿತು. ಅವರಲ್ಲಿ ಬಹುಮಂದಿ ಹಿಟ್ಲರನ ಕೈಯಿಂದ ತಪ್ಪಿಸಿಕೊಂಡು ಬಂದ ಯಹೂದಿಗಳು. ಎಷ್ಟೋ ಮಂದಿ ಸಂಗೀತಗಾರರು. ವಿಯೆನ್ನಾದ ಹಾನ್ಸ್ ಗಾಲ್ ಎಂಬ ಹಿರಿಯ ರಚನಕಾರ ಲಿವರ್‌ಪೂಲ್ ಬಳಿಯ ಹೈಟನ್ ಶಿಬಿರದಲ್ಲಿದ್ದಾಗ ಒಂದು ಕೃತಿ ರಚಿಸಿದರು. ಅದು ಒಂದು ಕೊಳಲಿಗೂ ಎರಡು ಪಿಟೀಲುಗಳಿಗೂ ಬರೆದದ್ದು. ಏಕೆಂದರೆ ಆ ಶಿಬಿರದಲ್ಲಿ ಅವರ ಕೈಗೆ ದೊರೆತ ವಾದ್ಯಗಳು ಅಷ್ಟೆ. ವಿಯೆನ್ನಾದಿಂದ ಬಂದಿದ್ದ ಬ್ರೈನಿನ್, ನಿಸ್ಸೆಲ್, ಷಿಡ್ಲೋಫ್ ಎಂಬ ಮೂವರು ಹುಡುಗರಿಗೆ ಪರಿಚಯದ ನಂಟು ಬೆಳೆದದ್ದೂ ಇಂಥ ಶಿಬಿರಗಳಲ್ಲೇ. ಮುಂದೆ ಲೋಕಪ್ರಸಿದ್ಧವಾದ ಅಮಡೇಯಸ್ ಚತುಷ್ಕದಲ್ಲಿ ಮೂವರು ಅವರೇ. ಸೆರೆಯಾದ ಸಂಗೀತಗಾರರ ಬಿಡುಗಡೆಗಾಗಿ ರಾಲ್ಫ್ ವಾನ್ ವಿಲಿಯಮ್ಸ್ ಎಂಬ ಇಂಗ್ಲಿಷ್ ಸಂಗೀತರಚನಕಾರರು ಸಮಿತಿಯ ಅಧ್ಯಕ್ಷರಾಗಿ ಶ್ರಮಿಸಿದರು. ಬಿಡುಗಡೆ ಆಯಿತು, ಆದರೆ ತಿಂಗಳುಗಳು ಹಿಡಿದವು. ಸತ್ತ ಜರ್ಮನ್ನನಿಗೆ ಸಿಂಹಾಸನ, ಬದುಕಿರುವ ಜರ್ಮನ್ನನಿಗೆ ಮುಳ್ಳುತಂತಿ. ಆಯ್ದ ಕೃತಿಗಳ ಪಟ್ಟಿಯಿಂದ ಮೈರಾ ಹೆಸ್ ಕೊಟ್ಟ ಉತ್ತರ ಸರ್ಕಾರದ ಕಡತಗಳವರೆಗೆ ಮುಟ್ಟಿರಲಿಲ್ಲ.

ನಮ್ಮ ಕಡೆಯಿಂದ ನೋಡಿದರೆ ಇನ್ನೂ ಒಂದು ಮಾತು ಹೇಳಬೇಕಾಗುತ್ತದೆ. ಅದೇ ಯುದ್ಧದ ವರ್ಷಗಳಲ್ಲಿ, ಅದೇ ಸಾಮ್ರಾಜ್ಯದ ನೆರಳಿನಲ್ಲಿ, ನಮ್ಮ ನಾಯಕರು 1942ರ ಆಗಸ್ಟಿನಿಂದ ಸೆರೆಮನೆಗಳಲ್ಲಿದ್ದರು. 1943ರ ಮಾರ್ಚಿಯಲ್ಲಿ ಈಸೂರಿನ ಐವರು ನೇಣುಗಂಬವೇರಿದರು. ಆ ವರ್ಷ ಬಂಗಾಳದಲ್ಲಿ ಲಕ್ಷಾಂತರ ಜನ ಅನ್ನವಿಲ್ಲದೆ ಸತ್ತರು. ಲಂಡನ್ನಿನ ಧೈರ್ಯವನ್ನು ಮೆಚ್ಚುವಾಗ ಇದನ್ನು ಮರೆತು ಮೆಚ್ಚುವುದು ನನ್ನಿಂದಾಗದು. ಹಾಗೆಂದು ಗುಮ್ಮಟದ ಕೆಳಗೆ ನೆಲದ ಮೇಲೆ ಕುಳಿತಿದ್ದ ಆ ಗುಮಾಸ್ತರ, ದಾದಿಯರ, ಸಿಪಾಯಿಗಳ ಲೆಕ್ಕಕ್ಕೆ ಸಾಮ್ರಾಜ್ಯದ ಪಾಪವನ್ನೆಲ್ಲ ಬರೆದುಬಿಡಲೂ ಮನಸ್ಸು ಒಪ್ಪದು.

1941ರಲ್ಲಿ ಹೆಸ್ ಅವರಿಗೆ 'ಡೇಮ್' ಎಂಬ ಬಿರುದು ಬಂದಿತು. ಮರುವರ್ಷ ಹಂಫ್ರಿ ಜೆನ್ನಿಂಗ್ಸ್ ಮತ್ತು ಸ್ಟೂವರ್ಟ್ ಮ್ಯಾಕಾಲಿಸ್ಟರ್ ಸೇರಿ ತಯಾರಿಸಿದ 'ಲಿಸನ್ ಟು ಬ್ರಿಟನ್' ಎಂಬ ಕಿರುಚಿತ್ರದಲ್ಲಿ ಆಕೆ ಈ ಚಿತ್ರಶಾಲೆಯಲ್ಲಿ ವಾಯುಪಡೆಯ ವಾದ್ಯವೃಂದದೊಡನೆ ಮೊಜಾರ್ಟ್‌ನ ಕಂಚೆರ್ಟೊ ನುಡಿಸುವ ದೃಶ್ಯವಿದೆ. ಕ್ಯಾಮೆರಾ ಕೈಬೆರಳುಗಳನ್ನು ಬಿಟ್ಟು ಆಗಾಗ ಕೇಳುಗರತ್ತ ಹೊರಳುತ್ತದೆ. ರಾಣಿಯೂ ಅಲ್ಲಿ ಕುಳಿತಿದ್ದಾರೆ. ಆದರೆ ನನಗೆ ನೆನಪಿರುವುದು ಕೇಳುತ್ತ ಕುಳಿತ ಸಾಮಾನ್ಯರ ಮುಖಗಳು.

ಯುದ್ಧ ಮುಗಿಯಿತು. 1945ರ ಮೇ ತಿಂಗಳಿನಿಂದಲೇ ಚಿತ್ರಗಳು ಗಣಿಯಿಂದ ಒಂದೊಂದಾಗಿ ಮರಳತೊಡಗಿದವು. ಚಿತ್ರಗಳಿಗೆ ಗೋಡೆಗಳು ಬೇಕಾಗಿದ್ದವು. ಸಂಗೀತ ಕೋಣೆ ಬಿಡಬೇಕಾಯಿತು. ಮುಂದುವರಿಯಬೇಕೆಂಬ ಆಸೆ ಹೆಸ್ ಅವರಿಗಿತ್ತು. ಚಿತ್ರಶಾಲೆಯ ಆಡಳಿತದವರು ಒಪ್ಪಲಿಲ್ಲ. ಅವರದೂ ತಪ್ಪಲ್ಲ. 1946ರ ಏಪ್ರಿಲ್ 10ರಂದು ಕೊನೆಯ ಕಚೇರಿ ನಡೆಯಿತು. ಒಟ್ಟು ಕಚೇರಿಗಳು 1,698. ಷಿಲ್ಲಿಂಗ್ ಕೊಟ್ಟು ಒಳಬಂದವರು 8,24,152. ಇಷ್ಟು ಕರಾರುವಾಕ್ಕಾದ ಲೆಕ್ಕ ಸಂಗೀತದ ಇತಿಹಾಸದಲ್ಲಿ ಅಪರೂಪ.

ಮೈರಾ ಹೆಸ್ 1965ರ ನವೆಂಬರಿನಲ್ಲಿ ತೀರಿಕೊಂಡರು. 1977ರಲ್ಲಿ ಅಮೆರಿಕದ ಷಿಕಾಗೊ ನಗರದಲ್ಲಿ ಆಕೆಯ ಹೆಸರಿನಲ್ಲಿ ಮಧ್ಯಾಹ್ನದ ಉಚಿತ ಕಚೇರಿಗಳು ಆರಂಭವಾದವು. ಅಲ್ಲಿನ ಬಾನುಲಿ ಅವನ್ನು ಪ್ರಸಾರ ಮಾಡಿತು. ಲಂಡನ್ನಿನಲ್ಲಿ, ಎಂಟು ಮೂಲೆಯ ಆ ಗುಮ್ಮಟದ ಕೋಣೆಯಲ್ಲಿ, ಈಗ ಗೋಡೆಗಳ ಮೇಲೆ ಚಿತ್ರಗಳಿವೆ.